ಎಚ್‌ಐವಿ ಲೆಕ್ಕದ ಆಚೆ: ಲೈಂಗಿಕ ಅಲ್ಪಸಂಖ್ಯಾತರ ಆರೋಗ್ಯ ಸಂಶೋಧನೆ ಬಂದ ದಾರಿ

ನಮ್ಮ ದೇಶದಲ್ಲಿ ಸಲಿಂಗಿಗಳು ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಆರೋಗ್ಯದ ಬಗ್ಗೆ ಸಿಗುವ ಅಂಕಿಅಂಶಗಳಲ್ಲಿ ಬಹುಪಾಲು ಎಚ್‌ಐವಿಗೆ ಸೇರಿದವು. ಅವರ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಖಿನ್ನತೆ, ಮುಪ್ಪು ಇವುಗಳ ಬಗ್ಗೆ ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಣ್ಣ ಅಧ್ಯಯನ ಕಂಡೀತು. ಸರ್ಕಾರ ಇವರನ್ನು ಎಣಿಸಲು ಮುಂದಾದದ್ದೇ ಸೋಂಕಿನ ಭಯದಿಂದ.

1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದವು. 1992ರಲ್ಲಿ ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಹುಟ್ಟಿತು. ಆದರೆ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ, ಬ್ರಿಟಿಷರ ಕಾಲದ 377ನೇ ಕಲಂ ಹಾಗೇ ಇತ್ತು. 1994ರಲ್ಲಿ ತಿಹಾರ್ ಜೈಲಿನಲ್ಲಿ ಕಾಂಡೋಮ್ ಕೊಡಲು ಅಧಿಕಾರಿಗಳು ಒಪ್ಪಲಿಲ್ಲ. ಕೊಟ್ಟರೆ ಗಂಡಸರ ನಡುವೆ ಸಂಬಂಧವಿದೆ ಎಂದು ಒಪ್ಪಿದಂತಾಗುತ್ತಿತ್ತು. 2001ರಲ್ಲಿ ಲಖನೌದಲ್ಲಿ ಏಡ್ಸ್ ಜಾಗೃತಿ ಕಾರ್ಯಕರ್ತರನ್ನೇ ಈ ಕಲಂ ಹಾಕಿ ಬಂಧಿಸಿದರು. ಕಾಂಡೋಮ್ ಹಂಚುವವರಿಗೇ ಈ ಗತಿಯಾದರೆ, ಪ್ರಶ್ನಾವಳಿ ಹಿಡಿದು ಬಂದ ಅಪರಿಚಿತರ ಮುಂದೆ ಯಾರು ತಾನೇ ಬಾಯಿ ಬಿಟ್ಟಾರು?

ಈ ಕಗ್ಗಂಟನ್ನು ಬಿಡಿಸುವ ಒಂದು ಒಳ್ಳೆಯ ಪ್ರಯತ್ನ ಕರ್ನಾಟಕದಲ್ಲೇ ನಡೆಯಿತು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಎಂಬ ಎಚ್‌ಐವಿ ತಡೆ ಕಾರ್ಯಕ್ರಮದ ಜೊತೆಗೇ ಕರ್ನಾಟಕ ಆರೋಗ್ಯ ಸಂವರ್ಧನ ಟ್ರಸ್ಟ್ ಕೆಲಸ ಶುರುಮಾಡಿತು. ಇಲ್ಲಿನ ಸಂಶೋಧಕರು ಬಳಸಿದ್ದು 'ಪೋಲಿಂಗ್ ಬೂತ್' ಸಮೀಕ್ಷೆ. ಒಂದು ಗುಂಪಿನ ಜನರನ್ನು ಒಟ್ಟಿಗೆ ಕೂರಿಸಿ, ಒಬ್ಬರಿಗೊಬ್ಬರು ಕಾಣದಂತೆ ಮರೆ ಕಟ್ಟುತ್ತಾರೆ. ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಹೌದು ಅಥವಾ ಇಲ್ಲ ಎಂಬ ಉತ್ತರ ಡಬ್ಬಕ್ಕೆ ಬೀಳುತ್ತದೆ. ಯಾರ ಉತ್ತರ ಯಾವುದು ಎಂದು ಸಮೀಕ್ಷೆ ಮಾಡಿದವರಿಗೂ ಗೊತ್ತಾಗದು. ಎದುರಾಎದುರು ಕೂತು ಕೇಳಿದಾಗ ಹೊರಬಾರದ ಹಿಂಸೆಯ ಅನುಭವ, ಕಾಂಡೋಮ್ ಇಲ್ಲದ ಸಂಭೋಗದಂಥ ವಿಷಯಗಳನ್ನು ಇಲ್ಲಿ ಹೆಚ್ಚು ಜನ ಒಪ್ಪಿಕೊಂಡರು. ಒಬ್ಬರ ಒಂದು ಉತ್ತರವನ್ನು ಅವರದೇ ಇನ್ನೊಂದು ಉತ್ತರಕ್ಕೆ ಜೋಡಿಸಲಾಗದು ಎಂಬ ಕೊರತೆ ಇದಕ್ಕಿದೆ. ಆದರೂ ನನಗೆ ಈ ಪದ್ಧತಿ ದೊಡ್ಡದು, ಏಕೆಂದರೆ ಉತ್ತರ ಕೊಡುವವರ ಭಯ ನಿಜವೆಂದು ಒಪ್ಪಿಕೊಂಡೇ ಇದು ಆರಂಭವಾಗುತ್ತದೆ.

ಯಾರನ್ನು ಯಾರ ಜೊತೆ ಸೇರಿಸಿ ಎಣಿಸುತ್ತೇವೆ ಎಂಬುದೂ ಮುಖ್ಯ. ಟ್ರಾನ್ಸ್ ಮಹಿಳೆಯರು ಬಹುಕಾಲ 'ಎಂಎಸ್‌ಎಂ' ಎಂಬ, ಗಂಡಸರ ಜೊತೆ ಲೈಂಗಿಕ ಸಂಬಂಧವಿರುವ ಗಂಡಸರ ಪಟ್ಟಿಯಲ್ಲೇ ಇದ್ದರು. 2014-15ರ ರಾಷ್ಟ್ರೀಯ ಸಮೀಕ್ಷೆ ಬೇರೆ ಮಾಡಿ ನೋಡಿದಾಗ, ಎಂಎಸ್‌ಎಂ ಗುಂಪಿನಲ್ಲಿ ಎಚ್‌ಐವಿ ಪ್ರಮಾಣ ಶೇ 4.3, ಹಿಜ್ರಾ ಮತ್ತು ಟ್ರಾನ್ಸ್‌ಜೆಂಡರ್ ಜನರಲ್ಲಿ ಶೇ 7.5. ಒಟ್ಟು ಸರಾಸರಿ ತೆಗೆದಿದ್ದರೆ ಈ ಅಂತರ ಮುಚ್ಚಿಹೋಗುತ್ತಿತ್ತು. ಯಲ್ಲಮ್ಮ ದೇವಿಗೆ ಮುಡಿಪಾದ, ಹೆಣ್ಣುಡುಗೆ ತೊಡುವ ಉತ್ತರ ಕರ್ನಾಟಕದ ಜೋಗಪ್ಪಗಳಿಗೆ ಈ ಅಂಕಿಗಳಲ್ಲೂ ಸ್ವಂತ ಜಾಗವಿಲ್ಲ.

ಇನ್ನು ಲೆಸ್ಬಿಯನ್ನರು, ದ್ವಿಲಿಂಗಾಸಕ್ತ ಮಹಿಳೆಯರು, ಟ್ರಾನ್ಸ್ ಪುರುಷರು. ಇವರು ಎಚ್‌ಐವಿಯ 'ಹೆಚ್ಚಿನ ಅಪಾಯದ ಗುಂಪು' ಅಲ್ಲ. ಹಾಗಾಗಿ ಹಣವೂ ಬರಲಿಲ್ಲ, ದೊಡ್ಡ ಸಮೀಕ್ಷೆಯೂ ನಡೆಯಲಿಲ್ಲ. 2011ರ ಜನಗಣತಿ ಹೆಣ್ಣು, ಗಂಡಿನ ಜೊತೆ 'ಇತರೆ' ಎಂಬ ಆಯ್ಕೆಯನ್ನು ಸೇರಿಸಿ, ಅದರಡಿ 4,87,803 ಜನರನ್ನು ಲೆಕ್ಕ ಹಾಕಿತು. ಲೈಂಗಿಕ ಒಲವಿನ ಪ್ರಶ್ನೆ ಅದರಲ್ಲೂ ಇರಲಿಲ್ಲ.

2014ರಲ್ಲಿ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಟ್ರಾನ್ಸ್‌ಜೆಂಡರ್ ಗುರುತನ್ನು ಮಾನ್ಯ ಮಾಡಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ತೀರ್ಪಿನಿಂದ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಾಯಿತು. ಆದರೆ ಹಳೆಯ ಕಣ್ಣು ಬದಲಾಗಿಲ್ಲ. 2017ರ ರಕ್ತದಾನ ಮಾರ್ಗಸೂಚಿ ಟ್ರಾನ್ಸ್‌ಜೆಂಡರ್ ಜನರನ್ನೂ ಗಂಡಸರ ಜೊತೆ ಸಂಬಂಧವಿರುವ ಗಂಡಸರನ್ನೂ ಇಡಿಯಾಗಿ ಅಪಾಯದ ಗುಂಪಿಗೆ ಸೇರಿಸಿ ದೂರವಿಟ್ಟಿತು. ವ್ಯಕ್ತಿಯ ನಡವಳಿಕೆ ಕೇಳಿ ನಿರ್ಧರಿಸಬೇಕಿತ್ತು. ಗುಂಪಿನ ಹೆಸರು ನೋಡಿ ಬಾಗಿಲು ಹಾಕಿದ್ದು ತಪ್ಪು ಎಂದೇ ನಾನು ಹೇಳುತ್ತೇನೆ. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಯೂ ಸಲ್ಲಿಕೆಯಾಯಿತು.

2022ರಲ್ಲಿ ಆಯುಷ್ಮಾನ್ ಭಾರತ್ ಅಡಿ ಟ್ರಾನ್ಸ್‌ಜೆಂಡರ್ ಜನರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆರೋಗ್ಯ ರಕ್ಷಣೆ ಘೋಷಣೆಯಾಯಿತು, ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆಯೂ ಸೇರಿ. ಶಸ್ತ್ರಚಿಕಿತ್ಸೆ ಆದವರನ್ನು, ಹಾರ್ಮೋನ್ ತೆಗೆದುಕೊಳ್ಳುವವರನ್ನು ಹತ್ತಿಪ್ಪತ್ತು ವರ್ಷ ಹಿಂಬಾಲಿಸಿ, ಹೃದಯ, ಮೂಳೆ, ಮನಸ್ಸು ಹೇಗಿವೆ ಎಂದು ನೋಡುವ ಅಧ್ಯಯನವೂ ಆ ಹಣದ ಜೊತೆಗೇ ಶುರುವಾಗಬೇಕು. ಅದರ ಪ್ರಶ್ನೆಗಳನ್ನು ಬರೆಯುವಾಗ ಆ ಜನರೇ ಮೇಜಿನ ಸುತ್ತ ಕೂತಿರಬೇಕು.