ವಾಟ್ಸಾಪ್ ಮೆಸೇಜು ಬೈಲಾ ಅಲ್ಲ

ಕೊಡಗಿನ ಕಕ್ಕಡ ತಿಂಗಳ ಮಳೆ. ಮಡಿಕೇರಿಯ ನನ್ನ ಆಫೀಸಿಗೆ ಕೊಡೆ ಮಡಚುತ್ತಾ ಬಂದವರು ಒಬ್ಬ ನಿವೃತ್ತ ಸುಬೇದಾರರು. ಬಂದವರೇ ಫೋನು ಮುಂದಿಟ್ಟರು. "ನೋಡಿ ವಕೀಲ್ರೇ, ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಹೊಸ ರೂಲ್ಸ್ ಮಾಡಿದೆ."

ವಾಟ್ಸಾಪ್ ಮೆಸೇಜಿನಲ್ಲಿ ಎರಡು ಸಂಗತಿ ಇತ್ತು. ಮನೆ ಬಾಡಿಗೆಗೆ ಕೊಟ್ಟರೆ ಅಸೋಸಿಯೇಷನ್‌ಗೆ ಐದು ಸಾವಿರ ಕಟ್ಟಬೇಕು. ಕಟ್ಟಡದ ಹಿಂಭಾಗದ ತಡೆಗೋಡೆ ರಿಪೇರಿಗೆ ಆರು ಲಕ್ಷ ಬೇಕು, ಹದಿನಾರು ಮನೆಯವರೂ ಸಮನಾಗಿ ಹಾಕಬೇಕು.

"ಇದು ಯಾವ ಕಾಗದದಲ್ಲಿದೆ?" ಎಂದು ಕೇಳಿದೆ.

"ಇದೇ ಅಲ್ವಾ ಕಾಗದ?" ಎಂದರು.

ಅಲ್ಲ. ಫ್ಲ್ಯಾಟಿನ ಮಟ್ಟಿಗೆ ನಮ್ಮಲ್ಲಿ ಮುಖ್ಯವಾದದ್ದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಅದರಡಿ ನೋಂದಣಿಯಾಗುವ ಪತ್ರಕ್ಕೆ ಡೀಡ್ ಆಫ್ ಡಿಕ್ಲರೇಷನ್ ಎನ್ನುತ್ತಾರೆ. ಜಾಗ ಎಷ್ಟು, ಯಾವುದು ನಿಮ್ಮದು, ಯಾವುದು ಎಲ್ಲರದ್ದು, ಆ ಎಲ್ಲರದ್ದರಲ್ಲಿ ನಿಮ್ಮ ಪಾಲು ಶೇಕಡಾ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಬೈಲಾ, ಅಂದರೆ ಅಸೋಸಿಯೇಷನ್ ನಡೆಸುವ ನಿಯಮಾವಳಿ, ಅದರ ಜೊತೆಗೇ ಲಗತ್ತಾಗಿರುತ್ತದೆ. ಬೈಲಾ ಬದಲಿಸಬೇಕಾದರೂ ತಿದ್ದುಪಡಿ ಡಿಕ್ಲರೇಷನ್‌ನಲ್ಲೇ ಬರಬೇಕು, ಅದೂ ನೋಂದಣಿಯಾಗಬೇಕು. ಕಮಿಟಿಯ ತೀರ್ಮಾನ ಇವೆರಡರ ಕೆಳಗೆ. ಅಧ್ಯಕ್ಷರ ಮೆಸೇಜು ಅದಕ್ಕೂ ಕೆಳಗೆ.

ಸುಬೇದಾರರ ಹತ್ತಿರ ಡಿಕ್ಲರೇಷನ್ ಇರಲಿಲ್ಲ. ಹೆಚ್ಚಿನವರ ಹತ್ತಿರ ಇರುವುದಿಲ್ಲ, ಬಿಲ್ಡರ್ ಕೊಟ್ಟ ಬಣ್ಣದ ಬ್ರೋಷರ್ ಮಾತ್ರ ಜೋಪಾನವಾಗಿರುತ್ತದೆ! ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ದೃಢೀಕೃತ ನಕಲು ತೆಗೆಸಿದೆವು. ಅವರದ್ದು ಸಣ್ಣ ಮನೆ, ಪಾಲು ಶೇಕಡಾ 4. ಸಾಮಾನ್ಯ ಖರ್ಚನ್ನು ಈ ಪಾಲಿನ ಪ್ರಕಾರವೇ ಹಂಚಬೇಕು ಎನ್ನುತ್ತದೆ ಕಾಯ್ದೆ. ಅಂದರೆ ತಡೆಗೋಡೆಗೆ ಅವರು ಕೊಡಬೇಕಾದ್ದು 24,000. ಸಮಪಾಲು ಮಾಡಿದ್ದರೆ 37,500 ಆಗುತ್ತಿತ್ತು. ಈ ಶೇಕಡಾ ಲೆಕ್ಕವನ್ನು ಬದಲಿಸಲು ಬಹುಮತ ಸಾಲದು, ಎಲ್ಲ ಮಾಲೀಕರ ಒಪ್ಪಿಗೆ ಬೇಕು. ಬಾಡಿಗೆಗೆ ಐದು ಸಾವಿರ ಎಂಬುದು ಬೈಲಾದಲ್ಲಿ ಎಲ್ಲೂ ಇರಲಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಕೊಡಗಿನ ಎಷ್ಟೋ ಫ್ಲ್ಯಾಟುಗಳಿಗೆ ವರ್ಷಪೂರ್ತಿ ಬೀಗ. ಮಾಲೀಕರು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ, ದಸರಾಕ್ಕೆ ನಾಲ್ಕು ದಿನ ಬಂದು ಹೋಗುತ್ತಾರೆ. "ಲಿಫ್ಟೇ ಹತ್ತಿಲ್ಲ, ಮೆಂಟೆನೆನ್ಸ್ ಯಾಕೆ?" ಎಂದು ಫೋನಿನಲ್ಲಿ ನನ್ನನ್ನೇ ಬೈದವರಿದ್ದಾರೆ. ಬಳಸದೆ ಬಿಟ್ಟೆ ಎಂಬ ಕಾರಣಕ್ಕೆ ಪಾಲು ತಪ್ಪಿಸಿಕೊಳ್ಳಲು ಕಾಯ್ದೆ ಬಿಡುವುದಿಲ್ಲ. ನೀವಿಲ್ಲದಾಗಲೂ ಮಳೆ ಆ ಚಾವಣಿ ಮೇಲೇ ಸುರಿಯುತ್ತದಲ್ಲ! ಬಾಕಿ ಉಳಿಸಿದರೆ ಅದು ಫ್ಲ್ಯಾಟಿನ ಮೇಲೇ ಹೊರೆಯಾಗಿ ಕೂರುತ್ತದೆ. ಮಾರಿದರೆ ಕೊಂಡವರಿಗೂ ಸುತ್ತಿಕೊಳ್ಳುತ್ತದೆ. ಹಾಗಾಗಿ ಹಳೇ ಫ್ಲ್ಯಾಟ್ ಕೊಳ್ಳುವವರು ಅಡ್ವಾನ್ಸ್ ಕೊಡುವ ಮುಂಚೆ ಅಸೋಸಿಯೇಷನ್‌ನಿಂದ ಬಾಕಿ ಲೆಕ್ಕ ಬರೆಸಿಕೊಳ್ಳಿ.

ಬೈಲಾ ಬರೆಸುವವರಿಗೂ ಒಂದು ಮಾತು. ದಯವಿಟ್ಟು ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನದ್ದನ್ನು ಹಾಗೇ ನಕಲು ಮಾಡಿಸಬೇಡಿ. ಈಜುಕೊಳವೇ ಇಲ್ಲದ ಜಾಗದ ಬೈಲಾದಲ್ಲಿ ಈಜುಕೊಳದ ಸಮಯ ಓದಿದ್ದೇನೆ. ತಡೆಗೋಡೆ, ಚರಂಡಿ, ಗುಡ್ಡದ ಕಡೆಯ ಮಣ್ಣು, ಇವುಗಳ ಬಗ್ಗೆ ಒಂದು ಸಾಲೂ ಇಲ್ಲ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಊರು ಇದು. ಇನ್ನೊಂದರಲ್ಲಿ 'ಆವರಣದಲ್ಲಿ ಯಾವುದೇ ಕಾರಣಕ್ಕೂ ಸಿಡಿಮದ್ದಿನ ಶಬ್ದ ಕೂಡದು' ಎಂದಿತ್ತು. ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆದು ಗುಂಡು ಹಾರಿಸುವವರು ಅಲ್ಲಿ ಅರ್ಧಕ್ಕರ್ಧ ಇದ್ದರು. ಆ ಬೈಲಾ ಚರ್ಚೆಯ ಸಭೆಯಲ್ಲಿ ನಾನು ಸುಮ್ನೆ ಕಾಫಿ ಕುಡಿದು ಬಂದೆ.

ಕುಶಾಲನಗರ ಕಡೆಯ ಸೈಟುಗಳ ಲೇಔಟ್ ಕತೆ ಬೇರೆ. ಅಲ್ಲಿ ಅಸೋಸಿಯೇಷನ್ ಸಾಮಾನ್ಯವಾಗಿ 1960ರ ಸಂಘಗಳ ನೋಂದಣಿ ಕಾಯ್ದೆಯ ಸೊಸೈಟಿ. ರಸ್ತೆ, ಪಾರ್ಕನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿದ್ದರೆ ಅದು ಸಾರ್ವಜನಿಕರದ್ದು. ಗೇಟಿಗೆ ಬೀಗ ಹಾಕಿ 'ಹೊರಗಿನವರಿಗೆ ಪ್ರವೇಶವಿಲ್ಲ' ಎನ್ನಲಾಗುವುದಿಲ್ಲ.

ಹೋಂಸ್ಟೇ ಜಗಳವಂತೂ ವಾರಕ್ಕೊಂದು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದ್ದ ಮಾತ್ರಕ್ಕೆ ಬೈಲಾ ದಾಟಬಹುದು ಎಂದುಕೊಳ್ಳಬೇಡಿ. 'ವಾಸಕ್ಕೆ ಮಾತ್ರ' ಎಂದು ಬರೆದಿದ್ದರೆ ವಾದ ಅಲ್ಲಿಂದಲೇ ಶುರು.

ಸುಬೇದಾರರು ಹೊರಡುವಾಗ ಖುಷಿಯಲ್ಲಿದ್ದರು. ನಾನು ಬೈಲಾದ ಇನ್ನೊಂದು ಪುಟ ತಿರುಗಿಸಿದೆ. ಬಾಲ್ಕನಿಗೆ ಶೀಟು ಹೊದಿಸಲು ಕಮಿಟಿಯ ಲಿಖಿತ ಒಪ್ಪಿಗೆ ಬೇಕು ಎಂದಿತ್ತು. ಅವರು ಮೂರು ವರ್ಷದ ಹಿಂದೆಯೇ ಶೀಟು ಹಾಕಿಸಿದ್ದಾರೆ.

ಕೊಡೆ ಕೈಗೆ ತೆಗೆದುಕೊಂಡು ಹೇಳಿದರು, "ಆ ಪುಟ ಅವರಿಗೆ ತೋರಿಸಬೇಡಿ ವಕೀಲ್ರೇ."