ಪಟಕೆಟ್ ರೆಡ್ ಸಾಕ್ಸ್: ಒಂದು ಮೈನರ್ ಲೀಗ್ ತಂಡದ ಚರಿತ್ರೆಯನ್ನು ಓದುವ ಬಗೆ

ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್ ಅಧ್ಯಯನಕ್ಕೆ ತೊಡಗುವವರು ಮೊದಲಿಗೆ ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಳ್ಳಬೇಕು: ಇಂಥ ತಂಡಕ್ಕೆ ತನ್ನ ಆಟಗಾರರ ಮೇಲೆ ಅಧಿಕಾರವಿರುವುದಿಲ್ಲ. ಅವರನ್ನು ಆರಿಸುವುದು, ಅವರಿಗೆ ಸಂಬಳ ಕೊಡುವುದು, ಬೇಕೆನಿಸಿದಾಗ ಮೇಲಿನ ಹಂತಕ್ಕೆ ಕರೆಸಿಕೊಳ್ಳುವುದು ಎಲ್ಲವೂ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನ ಮಾತೃತಂಡದ ಕೈಯಲ್ಲಿರುತ್ತದೆ. ಊರಿನ ಮಾಲೀಕನ ಪಾಲಿಗೆ ಉಳಿಯುವುದು ಟಿಕೆಟ್ ಮತ್ತು ತಿಂಡಿತಿನಿಸಿನ ಮಾರಾಟ, ಮೈದಾನದ ವ್ಯವಸ್ಥೆ, ಜನರನ್ನು ಕರೆತರುವ ಹೊಣೆ. ಚೆನ್ನಾಗಿ ಆಡಿದವನು ಬೇಗನೆ ಹೊರಟುಹೋಗುವುದರಿಂದ, ಈ ತಂಡಗಳ ಚರಿತ್ರೆಯನ್ನು ಆಟಗಾರರ ಪಟ್ಟಿಯಿಂದ ಕಟ್ಟಲಾಗದು. ಮೈದಾನ, ಮಾಲೀಕ ಮತ್ತು ಊರು ಇವುಗಳಿಂದಲೇ ಕಟ್ಟಬೇಕು. ರೋಡ್ ಐಲೆಂಡ್ ರಾಜ್ಯದ ಪಟಕೆಟ್ ರೆಡ್ ಸಾಕ್ಸ್ ತಂಡದಲ್ಲಿ ಇದು ಸ್ಪಷ್ಟವಾಗಿ ಕಾಣುವುದರಿಂದ ಅದನ್ನೇ ಆರಿಸಿಕೊಂಡಿದ್ದೇನೆ.

ಪಟಕೆಟ್ ಹತ್ತಿ ಗಿರಣಿಗಳಿಂದ ಬೆಳೆದ ಊರು. ನೀರಿನ ಬಲದಿಂದ ಹತ್ತಿ ನೂಲುವ ಅಮೆರಿಕದ ಮೊದಲ ಯಶಸ್ವಿ ಗಿರಣಿಗಳಲ್ಲಿ ಒಂದಾದ ಸ್ಲೇಟರ್ ಗಿರಣಿ 1793ರಲ್ಲಿ ಇಲ್ಲಿಯೇ ನಿಂತಿತು. ಜವುಗು ನೆಲದ ಮೇಲೆ ಕಟ್ಟಿದ ಇಲ್ಲಿನ ಕ್ರೀಡಾಂಗಣ 1942ರಲ್ಲಿ ತೆರೆದು, ಮುಂದೆ ಮೇಯರ್ ಥಾಮಸ್ ಮೆಕಾಯ್ ಅವರ ಹೆಸರನ್ನು ಪಡೆಯಿತು. ಬಾಸ್ಟನ್ ರೆಡ್ ಸಾಕ್ಸ್ ಸಂಸ್ಥೆಯು 1970ರಲ್ಲಿ ಮೇಜರ್ ಲೀಗ್‌ಗೆ ಎರಡು ಮೆಟ್ಟಿಲು ಕೆಳಗಿನ ತನ್ನ ಡಬಲ್-ಎ ತಂಡವನ್ನೂ, 1973ರಲ್ಲಿ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ತಂಡವನ್ನೂ ಇಲ್ಲಿಗೆ ತಂದಿತು. ಆ ಮೊದಲ ವರ್ಷವೇ ತಂಡ ತಾನು ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗ್‌ನ ಚಾಂಪಿಯನ್ ಪಟ್ಟವಾದ ಗವರ್ನರ್ಸ್ ಕಪ್ ಗೆದ್ದಿತು. ಆದರೂ 1976ರ ಹೊತ್ತಿಗೆ ಅದು ದಿವಾಳಿಯೆದ್ದಿತ್ತು. ಗೆಲುವಿಗೂ ಗಲ್ಲಾಪೆಟ್ಟಿಗೆಗೂ ಇರುವ ಸಂಬಂಧ ಎಷ್ಟು ತೆಳುವಾದದ್ದು ಎಂಬುದನ್ನು ಇಲ್ಲಿ ಗಮನಿಸಬೇಕು.

1977ರಲ್ಲಿ ತಂಡವನ್ನು ಕೊಂಡವರು ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿ, ಜವಳಿ ಉದ್ಯಮದಲ್ಲಿ ಹಣ ಗಳಿಸಿ ನಿವೃತ್ತರಾಗಿದ್ದ ಬೆನ್ ಮಾಂಡೋರ್. ಆ ವರ್ಷ ಇಡೀ ಋತುವಿಗೆ ಬಂದ ಪ್ರೇಕ್ಷಕರು ಸುಮಾರು 70,000. 2005ರಲ್ಲಿ ಆ ಸಂಖ್ಯೆ 6,88,421ಕ್ಕೆ ಏರಿತು. ಟಿಕೆಟ್ ದರವನ್ನು ಕಾರ್ಮಿಕ ಕುಟುಂಬಗಳ ಕೈಗೆಟುಕುವಂತೆ ಇಟ್ಟದ್ದು ಮತ್ತು ಮೈದಾನವನ್ನು ಚೊಕ್ಕಟವಾಗಿ ಇರಿಸಿದ್ದು ಇದಕ್ಕೆ ಮುಖ್ಯ ಕಾರಣಗಳು. ಕಟ್ಟಡದ ವಿಚಿತ್ರ ರಚನೆಯೂ ನೆರವಾಯಿತು ಎಂದು ನಾನು ಸೇರಿಸುತ್ತೇನೆ. ಮೆಕಾಯ್‌ನಲ್ಲಿ ಆಟಗಾರರು ಕೂರುವ ಡಗ್‌ಔಟ್ ಪ್ರೇಕ್ಷಕರ ಸಾಲುಗಳ ಕೆಳಗೆ ಅಡಗಿದ್ದರಿಂದ, ಮಕ್ಕಳು ಹಾಲಿನ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ಕತ್ತರಿಸಿ, ಅದರೊಳಗೆ ಚೆಂಡು ಮತ್ತು ಪೆನ್ನು ಇಟ್ಟು, ದಾರ ಕಟ್ಟಿ ಬಾವಿಗೆ ಕೊಡ ಇಳಿಸಿದಂತೆ ಇಳಿಬಿಡುತ್ತಿದ್ದರು; ಕೆಳಗಿದ್ದ ಆಟಗಾರ ಸಹಿ ಹಾಕಿ ದಾರವನ್ನು ಒಮ್ಮೆ ಜಗ್ಗಿದರೆ ಡಬ್ಬಿ ಮೇಲೇರುತ್ತಿತ್ತು.

ಈ ತಂಡದ ಹೆಸರು ಜಗತ್ತಿಗೆ ಗೊತ್ತಾದದ್ದು ಒಂದೇ ಪಂದ್ಯದಿಂದ. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನಿಂಗ್ಸ್ ಮುಗಿದಾಗ ಓಟಗಳು ಸಮವಾಗಿದ್ದರೆ, ಟೆಸ್ಟ್ ಕ್ರಿಕೆಟ್ಟಿನಂತೆ ಟೈ ಎಂದು ಎದ್ದುಹೋಗುವುದಿಲ್ಲ, ತೀರ್ಮಾನವಾಗುವವರೆಗೂ ಆಡಬೇಕು. 1981ರ ಏಪ್ರಿಲ್ 18ರ ಚಳಿಯ ರಾತ್ರಿ, ಬಾಲ್ಟಿಮೋರ್ ಓರಿಯೋಲ್ಸ್‌ನ ಕೆಳಹಂತದ ತಂಡವಾದ ರೋಚೆಸ್ಟರ್ ರೆಡ್ ವಿಂಗ್ಸ್ ವಿರುದ್ಧ 1,740 ಪ್ರೇಕ್ಷಕರ ಮುಂದೆ ಆರಂಭವಾದ ಪಂದ್ಯ ಒಂಬತ್ತನೆಯ ಇನಿಂಗ್ಸ್‌ಗೆ 1-1 ಆಯಿತು. ಇಪ್ಪತ್ತೊಂದನೆಯದರಲ್ಲಿ ರೋಚೆಸ್ಟರ್ ಒಂದು ಓಟ ಗಳಿಸಿತು. ಅದೇ ಇನಿಂಗ್ಸ್‌ನಲ್ಲಿ ಪಟಕೆಟ್‌ನ ವೇಡ್ ಬಾಗ್ಸ್ ಡಬಲ್ (ಎರಡನೆಯ ಬೇಸ್‌ವರೆಗೆ ಓಡಲು ಸಾಕಾಗುವ ಹೊಡೆತ) ಹೊಡೆದು ಮತ್ತೆ ಸಮ ಮಾಡಿದರು. ರಾತ್ರಿ ಮೀರಿದರೆ ಪಂದ್ಯ ನಿಲ್ಲಿಸಬೇಕೆಂಬ ನಿಯಮ ಅಂಪೈರ್‌ಗಳ ಕೈಯಲ್ಲಿದ್ದ ಪುಸ್ತಕದಲ್ಲಿ ಇರಲಿಲ್ಲವಾದ್ದರಿಂದ ಆಟ ಮುಂದುವರಿಯಿತು, ಆಟಗಾರರು ಮುರಿದ ಬ್ಯಾಟುಗಳನ್ನು ಪೀಪಾಯಿಯಲ್ಲಿ ಹಾಕಿ ಉರಿಸಿ ಕೈ ಕಾಯಿಸಿಕೊಂಡರು. ಲೀಗ್ ಅಧ್ಯಕ್ಷರನ್ನು ಫೋನಿನಲ್ಲಿ ಹಿಡಿದು ಅಪ್ಪಣೆ ಪಡೆದು, ಈಸ್ಟರ್ ಭಾನುವಾರದ ಬೆಳಗಿನ ಜಾವ 4.07ಕ್ಕೆ, 32 ಇನಿಂಗ್ಸ್ ಮುಗಿದ ಮೇಲೆ ಆಟ ನಿಲ್ಲಿಸಿದಾಗ ಉಳಿದಿದ್ದ ಪ್ರೇಕ್ಷಕರು 19 ಮಂದಿ.

ಉಳಿದ ಆಟ ಜೂನ್ 23ರಂದು ಮುಂದುವರಿಯಿತು. ಆಗ ಮೇಜರ್ ಲೀಗ್ ಆಟಗಾರರ ಮುಷ್ಕರ ನಡೆಯುತ್ತಿದ್ದರಿಂದ ದೇಶದ ಪತ್ರಕರ್ತರೆಲ್ಲ ಈ ಪುಟ್ಟ ಊರಿಗೆ ಬಂದರು. 33ನೆಯ ಇನಿಂಗ್ಸ್ ಕೇವಲ 18 ನಿಮಿಷ ನಡೆಯಿತು: ಡೇವ್ ಕೋಜಾ ಹೊಡೆತಕ್ಕೆ ಮಾರ್ಟಿ ಬ್ಯಾರೆಟ್ ಓಡಿಬಂದು ಪಟಕೆಟ್ 3-2ರಿಂದ ಗೆದ್ದಿತು. ಒಟ್ಟು ಆಟದ ಅವಧಿ 8 ಗಂಟೆ 25 ನಿಮಿಷ. ಅಂದು ಎದುರುಬದುರಾಗಿ ಆಡಿದ ಬಾಗ್ಸ್ ಮತ್ತು ರೋಚೆಸ್ಟರ್‌ನ ಕ್ಯಾಲ್ ರಿಪ್ಕೆನ್ ಇಬ್ಬರೂ ಮುಂದೆ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಗೆಲುವಿನ ಹೊಡೆತ ಹೊಡೆದ ಕೋಜಾ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಪಟಕೆಟ್ ಮಾತ್ರ ಅವರ ಹೆಸರನ್ನು ಬಾಗ್ಸ್ ಹೆಸರಿನಷ್ಟೇ ಪ್ರೀತಿಯಿಂದ ಇಟ್ಟುಕೊಂಡಿದೆ.

ಮಾಂಡೋರ್ 2010ರಲ್ಲಿ ತೀರಿಕೊಂಡರು. 2015ರಲ್ಲಿ ತಂಡವನ್ನು ಕೊಂಡ ಹೊಸ ಮಾಲೀಕರು ರಾಜ್ಯದ ರಾಜಧಾನಿ ಪ್ರಾವಿಡೆನ್ಸ್‌ನಲ್ಲಿ ಕ್ರೀಡಾಂಗಣ ಕಟ್ಟಲು ಯತ್ನಿಸಿದರು. ಅದು ಕೈಗೂಡದೆ, ಪಟಕೆಟ್‌ನಲ್ಲೇ ಕಟ್ಟುವ ಮಾತುಕತೆಯೂ ಸಾರ್ವಜನಿಕ ಹಣದ ಪ್ರಶ್ನೆಯಲ್ಲಿ ಎಡವಿ, 2018ರಲ್ಲಿ ಮ್ಯಾಸಚೂಸೆಟ್ಸ್‌ನ ವುಸ್ಟರ್‌ಗೆ ಹೋಗುವುದಾಗಿ ಪ್ರಕಟಿಸಿದರು. 2020ರ ಋತು ಕೋವಿಡ್‌ನಿಂದ ರದ್ದಾದ್ದರಿಂದ ಊರಿಗೆ ಬೀಳ್ಕೊಡುಗೆಯ ಪಂದ್ಯವೂ ದಕ್ಕಲಿಲ್ಲ. ತಂಡ 2021ರಿಂದ ವುಸ್ಟರ್ ರೆಡ್ ಸಾಕ್ಸ್ ಎಂಬ ಹೆಸರಿನಲ್ಲಿ ಆಡುತ್ತಿದೆ. ಮೆಕಾಯ್ ಕ್ರೀಡಾಂಗಣವನ್ನು ಕೆಡವಿ ಆ ಜಾಗದಲ್ಲಿ ಪ್ರೌಢಶಾಲೆ ಕಟ್ಟಲು ಬೇಕಾದ ಸಾಲಪತ್ರಗಳಿಗೆ ಪಟಕೆಟ್‌ನ ಮತದಾರರು 2022ರಲ್ಲಿ ಒಪ್ಪಿಗೆ ಕೊಟ್ಟರು. ಹಾಲಿನ ಡಬ್ಬಿಗಳು ಇಳಿಯುತ್ತಿದ್ದ ಆ ಗೋಡೆಗಳು 2025ರಲ್ಲಿ ಉರುಳಿದವು.