ಕಾಯಿಲೆ ಕಂಟ್ರೋಲಲ್ಲಿದೆ, ಸರಿ, ಮಾತ್ರೆ ಯಾವುದು?

ಮಸಾಜ್‌ಗೆ ಬಂದವರ ಕೈಗೆ ಫಾರಂ ಕೊಟ್ಟರೆ ಬಹಳ ಮಂದಿ ‘ಆರೋಗ್ಯದ ತೊಂದರೆ’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದು ಬರೆದು ಹಿಂದಿರುಗಿಸುತ್ತಾರೆ. ಅರ್ಧ ಬೆನ್ನು ನೀವಿ ಮುಗಿಯುವ ಹೊತ್ತಿಗೆ, ಮಾತಿಗೆ ಮಾತು ಬಂದು, ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದು ಹೊರಬೀಳುತ್ತದೆ. ಫಾರಂನಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಮಾತ್ರೆ ತಗೊಳ್ತಿದ್ದೀನಲ್ಲ, ಎಲ್ಲ ಕಂಟ್ರೋಲಲ್ಲಿದೆ.’

ಇವರು ಸುಳ್ಳು ಹೇಳುವವರಲ್ಲ. ವರ್ಷಗಟ್ಟಲೆ ತಪ್ಪದೆ ಮಾತ್ರೆ ನುಂಗಿ ಕಾಯಿಲೆಯನ್ನು ಹದ್ದುಬಸ್ತಿನಲ್ಲಿಟ್ಟವರು. ಆ ಶಿಸ್ತನ್ನು ಮೆಚ್ಚಲೇಬೇಕು. ಆದರೆ ಮಸಾಜ್ ಮಾಡುವವರಿಗೆ ಎಷ್ಟೋ ಸಲ ಕಾಯಿಲೆಗಿಂತ ಮಾತ್ರೆಯೇ ಮುಖ್ಯವಾಗುತ್ತದೆ. ಮಾತ್ರೆ ಕಾಯಿಲೆಯನ್ನು ತಡೆದಿರಬಹುದು. ಜೊತೆಗೆ ರಕ್ತ ಹೆಪ್ಪುಗಟ್ಟುವ ರೀತಿ, ಎದ್ದು ನಿಂತಾಗ ರಕ್ತದೊತ್ತಡ ಏರಿಳಿಯುವ ರೀತಿ, ನೋವು ತಿಳಿಯುವ ರೀತಿಯನ್ನೂ ಅದು ಬದಲಿಸಿರುತ್ತದೆ. ಕೈ ಊರುವುದು ಆ ಬದಲಾದ ಮೈಮೇಲೆ.

ಮೊದಲು ರಕ್ತ ತೆಳುವಾಗಿಸುವ ಮಾತ್ರೆಗಳು. ಹೆಸರು ಹಾಗಿದ್ದರೂ ರಕ್ತವೇನೂ ನೀರಾಗುವುದಿಲ್ಲ. ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮುಂತಾದವು ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತವೆ. ವಾರ್ಫರಿನ್, ಅಪಿಕ್ಸಬಾನ್, ರಿವರೊಕ್ಸಬಾನ್ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳ ಕೆಲಸವನ್ನು ಕುಗ್ಗಿಸುತ್ತವೆ. ಮೊಣಕೈ ಊರಿ ಗಟ್ಟಿಯಾಗಿ ಒತ್ತಿದಾಗ ಸ್ನಾಯುವಿನೊಳಗಿನ ಸಣ್ಣ ರಕ್ತನಾಳಗಳು ಒಡೆಯುವುದುಂಟು. ಮಾಮೂಲಿ ಮೈಯಲ್ಲಿ ಆ ಸೋರಿಕೆ ಬೇಗ ಮುಚ್ಚಿಕೊಳ್ಳುತ್ತದೆ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಹೆಚ್ಚು ಹೊತ್ತು ಸೋರುತ್ತದೆ. ಮೇಜಿನ ಮೇಲಿರುವಾಗ ಹಿತವಾಗಿಯೇ ಇರುತ್ತದೆ. ಒಂದೆರಡು ದಿನ ಕಳೆದ ಮೇಲೆ ತೊಡೆಯಲ್ಲೋ ಸೊಂಟದಲ್ಲೋ ನೀಲಿಗಟ್ಟಿದ ಅಂಗೈಯಗಲದ ಗುರುತು, ಕೆಲವೊಮ್ಮೆ ಒಳಗೆ ರಕ್ತ ಶೇಖರವಾದ ಗಟ್ಟಿ ಗಂಟು. ಹಾಗಾಗಿ ಇವರಿಗೆ ಅಂಗೈಯಿಂದ ಉದ್ದಕ್ಕೆ ನೀವುವುದು, ಹಗುರವಾಗಿ ಹಿಸುಕುವುದು, ಇಷ್ಟೇ. ಮೊಣಕೈ, ಹೆಬ್ಬೆರಳ ತುದಿ, ಕಪ್ಪಿಂಗ್ (ಬಟ್ಟಲು ಕೂರಿಸಿ ಚರ್ಮವನ್ನು ಮೇಲಕ್ಕೆ ಹೀರಿಸುವುದು), ಗುದ್ದುವುದು ಯಾವುದೂ ಬೇಡ. ‘ಇನ್ನೂ ಜೋರಾಗಿ ಒತ್ತಿ, ನಾನು ತಡಕೊಳ್ತೀನಿ’ ಎಂಬ ಒತ್ತಾಯಕ್ಕೆ ಮಣಿಯಬಾರದು. ನೋವು ತಡೆದುಕೊಳ್ಳುವ ಶಕ್ತಿಗೂ ರಕ್ತನಾಳ ಸೋರುವುದಕ್ಕೂ ಸಂಬಂಧವಿಲ್ಲ.

ಇಷ್ಟು ಹೇಳಿದರೆ ಕೆಲವರು ‘ಹಾಗಾದರೆ ಮಸಾಜ್ ದಿನ ಮಾತ್ರೆ ಬಿಟ್ಟು ಬರ್ತೀನಿ’ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಟೆಂಟ್ ಇರುವವರು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಬದಲಾಗಬೇಕಾದ್ದು ಕೈಯ ಒತ್ತಡ ಮಾತ್ರ.

ಶುಗರ್ ಇರುವವರದು ಇನ್ನೊಂದು ಬಗೆಯ ಕಷ್ಟ. ಹಲವು ವರ್ಷಗಳ ಶುಗರ್ ಪಾದದ ನರಗಳನ್ನು ಮಂಕಾಗಿಸಿರಬಹುದು. ‘ನೋವಾದರೆ ಹೇಳಿ’ ಎನ್ನುವುದು ನಮ್ಮ ಕೆಲಸದಲ್ಲಿ ದಿನಕ್ಕೆ ಹತ್ತು ಸಲ ಬಳಸುವ ಮಾತು. ಪಾದಕ್ಕೆ ನೋವೇ ತಿಳಿಯದಿದ್ದರೆ ಅವರು ಹೇಳುವುದಾದರೂ ಏನನ್ನು? ಶುರು ಮಾಡುವ ಮೊದಲು ಅವರು ಕಣ್ಣು ಮುಚ್ಚಿರಲಿ. ಹತ್ತಿಯ ಎಳೆಯಿಂದ ಹೆಬ್ಬೆರಳು, ಅಂಗಾಲು, ಹಿಮ್ಮಡಿಯನ್ನು ಹಿಂದುಮುಂದಾಗಿ ಮುಟ್ಟಿ, ಎಲ್ಲಿ ಮುಟ್ಟಿದ್ದು ಎಂದು ಕೇಳಿ. ತಪ್ಪಿದರೆ ಆ ಪಾದಕ್ಕೆ ಬಿಸಿ ಟವೆಲ್, ಬಿಸಿ ಕಲ್ಲು ಪೂರ್ತಿ ನಿಷಿದ್ಧ. ಬೆರಳ ಸಂದು, ಅಂಗಾಲನ್ನು ಬೆಳಕಿನಲ್ಲಿ ನೋಡಿ. ಅವರಿಗೇ ಗೊತ್ತಿಲ್ಲದ ಗಾಯ ಅಲ್ಲಿರಬಹುದು. ಇದು ರೋಗ ಪತ್ತೆ ಹಚ್ಚುವ ಪರೀಕ್ಷೆಯಲ್ಲ, ಕೈಯನ್ನು ಎಲ್ಲಿ ಹಗುರ ಮಾಡಬೇಕು ಎಂದು ತಿಳಿಯುವುದಕ್ಕಷ್ಟೇ. ಸರಿಯಾದ ಪರೀಕ್ಷೆ ವೈದ್ಯರ ಕೆಲಸ.

ಇನ್ಸುಲಿನ್ ಚುಚ್ಚಿಕೊಳ್ಳುವವರನ್ನು ಇನ್ನೂ ಎರಡು ವಿಷಯ ಕೇಳಬೇಕು: ಇವತ್ತು ಎಲ್ಲಿ ಚುಚ್ಚಿಕೊಂಡಿರಿ, ಆಮೇಲೆ ಊಟ ಆಯಿತೇ? ಚುಚ್ಚಿದ ಹೊಟ್ಟೆಯನ್ನೋ ತೊಡೆಯನ್ನೋ ತಿಕ್ಕಿದರೆ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ತೊದಲು ಮಾತು ಕಂಡರೆ ಕೈ ನಿಲ್ಲಿಸಿ. ಎಚ್ಚರವಿದ್ದು ನುಂಗುವ ಸ್ಥಿತಿಯಲ್ಲಿದ್ದರೆ ಸಕ್ಕರೆ ಬೆರೆಸಿದ ನೀರು ಕೊಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಂಬ್ಯುಲೆನ್ಸ್ ಕರೆಯಿರಿ. ಮಬ್ಬನ್ನು ‘ಆರಾಮಾಗಿ ನಿದ್ದೆ ಬಂದಿದೆ’ ಎಂದುಕೊಂಡು ಬಿಟ್ಟುಬಿಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಬಿಪಿ ಮಾತ್ರೆಯವರ ಅಪಾಯ ಮಸಾಜ್ ಮುಗಿದ ಮೇಲೆ. ಒಂದು ಗಂಟೆ ಮಲಗಿದ್ದು ಥಟ್ಟನೆ ಎದ್ದು ನಿಂತರೆ ರಕ್ತ ಕಾಲಿಗಿಳಿದು ಕಣ್ಣು ಕತ್ತಲಿಡುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವ ಹಿರಿಯರಿಗೂ ಹೀಗಾಗುತ್ತದೆ. ಪ್ರಾಸ್ಟೇಟ್ ಮಾತ್ರೆಯನ್ನು ಸಂಕೋಚದಿಂದ ಯಾರೂ ಬರೆಯುವುದಿಲ್ಲ. ಮೊದಲು ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಹತ್ತು ಸಲ ಆಡಿಸಿ, ಆಮೇಲೆ ನಿಲ್ಲಲಿ. ಅಷ್ಟರವರೆಗೆ ಥೆರಪಿಸ್ಟ್ ಕೋಣೆ ಬಿಟ್ಟು ಹೋಗಬಾರದು.

ನೋವಿನ ಮಾತ್ರೆ ನುಂಗಿ ಬರುವವರು ‘ಮಸಾಜ್ ಚೆನ್ನಾಗಿ ತಡೆದುಕೊಳ್ಳಬಹುದು’ ಎಂದುಕೊಂಡಿರುತ್ತಾರೆ. ಅತಿಯಾಯಿತು ಎಂದು ಎಚ್ಚರಿಸುವ ನೋವನ್ನೇ ಆ ಮಾತ್ರೆ ಅಡಗಿಸಿರುತ್ತದೆ. ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರ ಚರ್ಮ ತೆಳುವಾಗಿ ಉಜ್ಜಿದರೆ ಸುಲಿಯುತ್ತದೆ, ಮೂಳೆಯೂ ಟೊಳ್ಳಾಗಿರಬಹುದು; ಬೆನ್ನ ಮೇಲೆ, ಪಕ್ಕೆಲುಬಿನ ಮೇಲೆ ಮೈಭಾರ ಹಾಕಬಾರದು.

ಒಂದು ಕಡೆ ಮಾತ್ರ ಹಗುರವಾಗಿಯೂ ಮುಟ್ಟಬಾರದು. ಆಪರೇಷನ್ ಆಗಿ, ಕಾಲಿಗೆ ಪ್ಲಾಸ್ಟರ್ ಹಾಕಿ, ಅಥವಾ ದೀರ್ಘ ಪ್ರಯಾಣ ಮಾಡಿ ಬಂದವರ ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕೂತಿರಬಹುದು. ಗರ್ಭನಿರೋಧಕ ಮಾತ್ರೆಯೂ ಈ ಅಪಾಯವನ್ನು ಹೆಚ್ಚಿಸುತ್ತದೆ. ಮಂಡಿಚಿಪ್ಪಿನ ಕೆಳಗೆ ಮೊಣಕಾಲ ಮೂಳೆಯ ಉಬ್ಬು ಸಿಗುತ್ತದಲ್ಲ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲಿನ ಸುತ್ತಳತೆ ಟೇಪಿನಿಂದ ಅಳೆದಾಗ 3 ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದನ್ನು ವೈದ್ಯರೂ ಒಂದು ಗುರುತಾಗಿ ಎಣಿಸುತ್ತಾರೆ. ಕಡಿಮೆ ಇದ್ದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಅವರನ್ನು ಅಂದೇ ಆಸ್ಪತ್ರೆಗೆ ಕಳಿಸಬೇಕು. ಉಸಿರು ಕಟ್ಟುತ್ತಿದೆ, ಎದೆ ನೋವು ಎಂದರೆ ಆ ಕ್ಷಣವೇ.

ನಮ್ಮ ಕಸುಬಿನವರಲ್ಲೂ ತಪ್ಪಿದೆ. ‘ಕಾಯಿಲೆ ಏನಾದರೂ ಇದೆಯಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ‘ಇವತ್ತು ಬೆಳಿಗ್ಗೆಯಿಂದ ಯಾವ್ಯಾವ ಮಾತ್ರೆ ತಗೊಂಡ್ರಿ? ನಿನ್ನೆ ರಾತ್ರಿ?’ ಎಂದು ಕೇಳಿ ನೋಡಿ. ಹೆಸರು ನೆನಪಿಲ್ಲ ಎನ್ನುವ ಹಿರಿಯರನ್ನು ಅವಸರಪಡಿಸಬೇಡಿ. ಮನೆಗೆ ಫೋನ್ ಮಾಡಿ ಮಾತ್ರೆಯ ಪಟ್ಟಿಯ ಫೋಟೊ ತರಿಸಿಕೊಳ್ಳಲಿ. ಅದು ಬರುವವರೆಗೆ ರಕ್ತ ತೆಳುವಾಗಿಸುವ ಮಾತ್ರೆ ಇದೆ ಎಂದೇ ಎಣಿಸಿ ಹಗುರ ಕೈಯಿಂದ ಶುರು ಮಾಡಿ. ಮುಂದಿನ ಸಲ ಅದೇ ವ್ಯಕ್ತಿ ಬಂದಾಗಲೂ ಮತ್ತೆ ಕೇಳಿ, ಹಳೆಯ ಫಾರಂ ನಂಬಿ ಕೂರಬೇಡಿ. ನಡುವೆ ವೈದ್ಯರ ಬಳಿ ಹೋಗಿ ಬಂದಿರುತ್ತಾರೆ, ಮಾತ್ರೆ ಬದಲಾಗಿರುತ್ತದೆ.